ಗುರು ಬೇರಿಯಾನುಗಳ ದ್ರವ್ಯರಾಶಿ: ಒಂದು ಅನುಮಾನವಿಚಾರ

ಗ್ರೀಕ್ ಭಾಷೆಯಲ್ಲಿ ಭಾರವಾದುದನ್ನು ಹೇಳುವ ‘ಬರುಸ್’ ಶಬ್ದವೂ ಸಂಸ್ಕೃತದ ‘ಗುರು’ ಶಬ್ದವೂ ಒಂದೇ ಮೂಲದಿಂದ ಹೊರಟವೆಂಬುದು ತೌಲನಿಕ ಭಾಷಾಶಾಸ್ತ್ರದ ನಿರ್ಣಯ. ಲ್ಯಾಟಿನ್ ಭಾಷೆಯ ‘ಗ್ರಾವಿಸ್’ ಎಂಬುದೂ ಇದೇ ಕುಲಕ್ಕೆ ಸೇರಿದುದು. ಪರಮಾಣುವಿನ ಬೀಜದಲ್ಲಿರುವ ಪ್ರೋಟಾನು, ನ್ಯೂಟ್ರಾನು, ಇವುಗಳಿಗಿಂತ ಭಾರವಾಗಿ ಅಲ್ಪಕಾಲ ಮಾತ್ರ ಬಾಳುವ ಇವುಗಳ ಜ್ಞಾತಿಗಳು, ಇವೆಲ್ಲಕ್ಕೂ ಒಂದು ಸಾಮಾನ್ಯನಾಮ ಬೇಕಾದಾಗ ಅಬ್ರಹಾಂ ಪೈಸ್ ಎಂಬ ಭೌತವಿಜ್ಞಾನಿಗಳು 1953ರಲ್ಲಿ ಆ ಗ್ರೀಕ್ ಶಬ್ದದಿಂದ ‘ಬೇರಿಯಾನ್’ ಎಂಬ ಹೆಸರನ್ನು ಕಟ್ಟಿದರು. ಆದುದರಿಂದ ‘ಗುರು ಬೇರಿಯಾನ್’ ಎನ್ನುವುದು ವ್ಯುತ್ಪತ್ತಿಯನ್ನು ನೋಡಿದರೆ ಪುನರುಕ್ತಿ. ಆದರೂ ಯೋಗಾರ್ಥಕ್ಕಿಂತ ರೂಢ್ಯರ್ಥವೇ ಬಲವಾದುದಾದ್ದರಿಂದ ಈ ಹೆಸರಿನಲ್ಲಿ ದೋಷವನ್ನೆಣಿಸಬೇಕಾಗಿಲ್ಲ. ಬೇರಿಯಾನುಗಳಲ್ಲಿಯೇ ಅತಿ ಭಾರದ ಘಟಕಗಳನ್ನು ಒಳಗೊಂಡವುಗಳಿಗೆ ಇಲ್ಲಿ ಈ ಸಂಜ್ಞೆ.

ಇಂತಹ ಕಣವೊಂದನ್ನು ಯಾರೂ ಕಾಣುವುದಕ್ಕೆ ಮುಂಚೆಯೇ ಅದರ ದ್ರವ್ಯರಾಶಿ ಇಷ್ಟಿರತಕ್ಕದ್ದೆಂದು ನಿಶ್ಚಯಿಸಬಹುದೆ ಎಂಬುದು ಮೊದಲನೆಯ ಪ್ರಶ್ನೆ. ಹಾಗೆ ನಿಶ್ಚಯಿಸಿದ ಮೇಲೆ ಪ್ರಯೋಗಶಾಲೆಯವರು ಕಣವನ್ನು ಕಂಡೆವೆಂದು ಬೇರೊಂದು ಸಂಖ್ಯೆಯನ್ನು ಮುಂದಿಟ್ಟರೆ ಯಾವುದು ಪ್ರಮಾಣ, ಯಾವುದು ಬಾಧಿತ ಎಂಬುದು ಎರಡನೆಯ ಪ್ರಶ್ನೆ. ಕನ್ನಡದ ಬಳಕೆಯಲ್ಲಿ ಅನುಮಾನವೆಂದರೆ ಸಂಶಯ. ನ್ಯಾಯಶಾಸ್ತ್ರದಲ್ಲಿ ಅದು ಸಂಶಯವನ್ನು ಕಳೆಯುವ ಪ್ರಮಾಣ. ಒಂದೇ ಶಬ್ದದ ಈ ಎರಡು ಅರ್ಥಗಳೂ 2002ರಿಂದ 2017ರವರೆಗಿನ ಗುರು ಬೇರಿಯಾನುಗಳ ಚರಿತ್ರೆಯಲ್ಲಿ ಎದುರುಬದುರಾಗಿ ನಿಂತಿದ್ದವು.

ಬೇರಿಯಾನೆಂದರೆ ಮೂರು ಕ್ವಾರ್ಕುಗಳ ಕೂಟ. ಕ್ವಾರ್ಕುಗಳ ಕಲ್ಪನೆಯನ್ನು 1964ರಲ್ಲಿ ಮರ್ರಿ ಗೆಲ್-ಮನ್ ಮತ್ತು ಜಾರ್ಜ್ ಜ್ವೈಗ್ ಎಂಬವರು ಒಬ್ಬರನ್ನೊಬ್ಬರು ಅವಲಂಬಿಸದೆ ಮುಂದಿಟ್ಟರು. ಅಪ್, ಡೌನ್, ಸ್ಟ್ರೇಂಜ್ ಎಂಬ ಮೂರು ಬಗೆಗಳೇ ಆ ಕಾಲಕ್ಕೆ ಸಾಕಾಗಿದ್ದವು. ಇವುಗಳಿಂದ ಎಷ್ಟು ಕೂಟಗಳಾಗುವುವೆಂಬುದು ಛಂದಶ್ಶಾಸ್ತ್ರವನ್ನು ಓದಿದವರಿಗೆ ಹೊಸ ಲೆಕ್ಕವಲ್ಲ. ಗುರು, ಲಘು ಎಂಬ ಎರಡು ಬಗೆಗಳನ್ನು ಮೂರು ಸ್ಥಾನಗಳಲ್ಲಿ ಪ್ರಸ್ತಾರ ಮಾಡಿದರೆ ಎಂಟು ಗಣಗಳು ಬರುವುವಷ್ಟೆ. ಅಕ್ಷರಗಳ ಕ್ರಮವನ್ನು ಬಿಟ್ಟು ಗುರುಗಳೆಷ್ಟು, ಲಘುಗಳೆಷ್ಟು ಎಂಬುದನ್ನು ಮಾತ್ರ ಗಣಿಸಿದರೆ ಈ ಎಂಟೂ ನಾಲ್ಕು ರಾಶಿಗಳಾಗುವುವು: ನಗಣವೊಂದೇ ಒಂದು ರಾಶಿ, ಜ, ಭ, ಸ ಗಣಗಳು ಒಂದು, ಯ, ರ, ತ ಗಣಗಳು ಒಂದು, ಮಗಣ ಒಂದು. ಅಪ್, ಡೌನ್ ಎಂಬೆರಡರಿಂದಲೇ ಆಗುವ ಡೆಲ್ಟಾ ಎಂಬ ಬೇರಿಯಾನುಗಳು ಸರಿಯಾಗಿ ನಾಲ್ಕು. ಮೂರು ಬಗೆಯ ಕ್ವಾರ್ಕುಗಳಾದರೆ ಕೂಟಗಳು ಹತ್ತು, ನಾಲ್ಕು ಬಗೆಯಾದರೆ ಇಪ್ಪತ್ತು, ಐದು ಬಗೆಯಾದರೆ ಮೂವತ್ತೈದು. ಇದು ಮೂರು ಕ್ವಾರ್ಕುಗಳ ಸ್ಪಿನ್ನೂ ಒಂದೇ ದಿಕ್ಕಿಗಿರುವ ಕುಟುಂಬದ ಎಣಿಕೆ. ಒಂದು ಸ್ಪಿನ್ ವಿರುದ್ಧವಾಗಿರುವ ಕುಟುಂಬದ್ದು ಬೇರೆ. ಸ್ಪಿನ್ ಎಂದರೆ ಕಣಕ್ಕೆ ಸಹಜವಾದ ಒಂದು ಬಗೆಯ ಭ್ರಮಣಗುಣವೆಂದಿಟ್ಟುಕೊಂಡರೆ ಸದ್ಯಕ್ಕೆ ಸಾಕು.

ದ್ರವ್ಯರಾಶಿಯನ್ನು ಈ ಶಾಸ್ತ್ರದಲ್ಲಿ ಶಕ್ತಿಯ ಮಾನದಿಂದಲೇ ಹೇಳುವುದು ಪದ್ಧತಿ. ಹತ್ತು ಲಕ್ಷ ಎಲೆಕ್ಟ್ರಾನ್ ವೋಲ್ಟುಗಳಿಗೆ ಒಂದು ಎಂಇವಿ. ಪ್ರೋಟಾನಿನ ದ್ರವ್ಯರಾಶಿ ಸುಮಾರು 938 ಎಂಇವಿ. ಮುಂದೆ ಬರುವ ಸಂಖ್ಯೆಗಳೆಲ್ಲವೂ ಈ ಮಾನದವೇ.

ಮೊದಲನೆಯ ದೊಡ್ಡ ಅನುಮಾನವು ಕ್ವಾರ್ಕುಗಳ ಹೆಸರು ಹುಟ್ಟುವುದಕ್ಕೂ ಮುಂಚಿನದು. ಆಗ ತಿಳಿದಿದ್ದ ಒಂದು ಕುಟುಂಬದಲ್ಲಿ ಡೆಲ್ಟಾ 1232, ಸಿಗ್ಮಾ 1385, ಕ್ಸೈ 1533 ಎಂಬ ಮೂರು ಮೆಟ್ಟಿಲುಗಳಿದ್ದವು. ಅಂತರಗಳು 153 ಮತ್ತು 148, ಹೆಚ್ಚುಕಡಿಮೆ ಸಮಾನ. ಮೆಟ್ಟಿಲಿನ ತುದಿಯಲ್ಲಿ ಒಂದು ಸ್ಥಾನ ಬರಿದಾಗಿತ್ತು. ಅಲ್ಲಿ 1680ರ ಸುಮಾರಿನ ಕಣವೊಂದಿರಬೇಕೆಂದು ಗೆಲ್-ಮನ್ 1962ರಲ್ಲಿ ಜಿನೀವಾದಲ್ಲಿ ಕೂಡಿದ ವಿದ್ವತ್ಸಭೆಯಲ್ಲಿ ಎದ್ದು ಹೇಳಿದರು. 1964ರಲ್ಲಿ ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಶಾಲೆಯಲ್ಲಿ ಅದು ದೊರೆಯಿತು. ಅದರ ದ್ರವ್ಯರಾಶಿ 1672. ಅದಕ್ಕೆ ಒಮೆಗಾ ಎಂದು ಹೆಸರು. ಬರಿದಾದ ಸ್ಥಾನವನ್ನು ನೋಡಿ ವಸ್ತುವನ್ನು ಊಹಿಸುವ ಈ ಕ್ರಮಕ್ಕೆ ರಸಾಯನಶಾಸ್ತ್ರದಲ್ಲಿ ಮೆಂಡಲೀಫರೇ ಮೇಲ್ಪಂಕ್ತಿ. ಅವರು 1871ರಲ್ಲಿ ಇನ್ನೂ ಕಾಣದಿದ್ದ ಮೂಲವಸ್ತುವೊಂದಕ್ಕೆ ಸಂಸ್ಕೃತದ ‘ಏಕ’ ಶಬ್ದವನ್ನೇ ತೆಗೆದುಕೊಂಡು ‘ಏಕ-ಸಿಲಿಕಾನ್’ ಎಂದು ಹೆಸರಿಟ್ಟರು. 1886ರಲ್ಲಿ ಅದು ಜರ್ಮೇನಿಯಂ ಎಂದು ದೊರೆಯಿತು. ಸಂಖ್ಯಾವಾಚಕವೊಂದು ಇಷ್ಟು ದೂರ ಪ್ರಯಾಣ ಮಾಡಿ ಬಂದುದನ್ನು ಸಂಸ್ಕೃತಜ್ಞರು ತಿಳಿದಿರುವುದು ಒಳ್ಳೆಯದು.

ಸಮಾನಾಂತರದ ಮೆಟ್ಟಿಲುಗಳಿಂದ ಗುರು ಬೇರಿಯಾನುಗಳ ಲೆಕ್ಕ ಮುಗಿಯುವುದಿಲ್ಲ. ಛಂದಸ್ಸಿನಲ್ಲಿ ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಕೂಡಿದರೆ ಗಣದ ಮಾತ್ರೆ ಬಂದಿತು. ಬೇರಿಯಾನಿನಲ್ಲಿ ಹೀಗೆ ಕೂಡುವುದು ಸಾಧ್ಯವಿಲ್ಲ. ಪ್ರೋಟಾನಿನಲ್ಲಿರುವ ಮೂರು ಕ್ವಾರ್ಕುಗಳ ಸ್ವಂತ ದ್ರವ್ಯರಾಶಿ ಒಟ್ಟು ಹತ್ತು ಎಂಇವಿಯನ್ನೂ ಮುಟ್ಟುವುದಿಲ್ಲ, ಪ್ರೋಟಾನಿನದಾದರೋ 938. ಉಳಿದುದೆಲ್ಲವೂ ಕ್ವಾರ್ಕುಗಳನ್ನು ಬಿಗಿದಿಟ್ಟಿರುವ ಗ್ಲುಯಾನುಗಳೆಂಬ ಬಂಧಕಗಳ ಮತ್ತು ಕ್ವಾರ್ಕುಗಳ ಚಲನೆಯ ಶಕ್ತಿ. ಘಟಕಗಳಿಗಿಂತ ಸಂಬಂಧವೇ ನೂರುಪಾಲು ಭಾರವಾದ ಇಂತಹ ಅವಯವಿಯನ್ನು ಪ್ರಾಚೀನ ವೈಶೇಷಿಕರು ಕೇಳಿದ್ದರೆ ಸಮವಾಯದ ಪ್ರಕರಣವನ್ನು ಇನ್ನಷ್ಟು ವಿಸ್ತಾರವಾಗಿ ಬರೆಯುತ್ತಿದ್ದರೋ ಏನೋ. ಆ ಸಂಬಂಧದ ಸಮೀಕರಣಗಳು ತಿಳಿದಿವೆ. ಅವುಗಳನ್ನು ಕಾಗದದ ಮೇಲೆ ಬಿಡಿಸುವ ಉಪಾಯವಿಲ್ಲ. ಆದುದರಿಂದ ವಿಜ್ಞಾನಿಗಳು ಮೂಲಕಾರಣದಿಂದ ಹೊರಡುವುದನ್ನು ಬಿಟ್ಟು, ಕಂಡ ಕಣಗಳ ನಡುವಣ ವ್ಯತ್ಯಾಸಗಳಲ್ಲಿ ವ್ಯಾಪ್ತಿಯನ್ನು ಹುಡುಕುವ ದಾರಿಯನ್ನು ಹಿಡಿದರು.

1974ರಲ್ಲಿ ಚಾರ್ಮ್ ಎಂಬ ನಾಲ್ಕನೆಯ ಕ್ವಾರ್ಕಿನ ಕುರುಹೂ 1977ರಲ್ಲಿ ಬಾಟಮ್ ಎಂಬ ಐದನೆಯದರ ಕುರುಹೂ ದೊರೆತವು. ಇವೆರಡೇ ಇಲ್ಲಿಯ ಗುರುಗಳು. ಆರನೆಯದಾದ ಟಾಪ್ ಕ್ವಾರ್ಕು ಇವೆಲ್ಲಕ್ಕಿಂತ ಭಾರವಾದರೂ ಯಾವ ಕೂಟವನ್ನೂ ಸೇರುವುದಕ್ಕೆ ಮುಂಚೆಯೇ ಅಳಿದುಹೋಗುವುದರಿಂದ ಬೇರಿಯಾನುಗಳ ಗಣನೆಗೆ ಬಾರದು.

ಮೊದಲು ಲ್ಯಾಂಬ್ಡಾ ಎಂಬ ಕಣಗಳನ್ನು ನೋಡಬಹುದು. ಇವುಗಳಲ್ಲಿ ಒಂದು ಅಪ್, ಒಂದು ಡೌನ್ ಸೇರಿದ ಹಗುರವಾದ ಜೋಡಿಯೂ ಮೂರನೆಯದಾಗಿ ಒಂದು ಭಾರದ ಕ್ವಾರ್ಕೂ ಇರುವುವು. ಮೂರನೆಯದು ಸ್ಟ್ರೇಂಜ್ ಆದರೆ ದ್ರವ್ಯರಾಶಿ 1116. ಚಾರ್ಮ್ ಆದರೆ 2286. ಬಾಟಮ್ ಆದರೆ 5620. ಹಗುರ ಜೋಡಿಯ ಸ್ಪಿನ್ನುಗಳು ಪರಸ್ಪರ ವಿರುದ್ಧವಾಗಿದ್ದು ಒಂದನ್ನೊಂದು ಕಳೆದುಕೊಂಡಿರುವುದರಿಂದ ಮೂರನೆಯದರ ಸ್ಪಿನ್ನಿಗೆ ಅಲ್ಲಿ ಕೆಲಸವಿಲ್ಲ. ಹಾಗಾದರೆ ಬಾಟಮ್ ಮತ್ತು ಚಾರ್ಮ್ ಕ್ವಾರ್ಕುಗಳ ತೂಕದ ವ್ಯತ್ಯಾಸವು 5620ರಲ್ಲಿ 2286ನ್ನು ಕಳೆದರೆ ಉಳಿಯುವ ಸುಮಾರು 3333 ಎಂದಾಯಿತು. ಇದು ಲ್ಯಾಂಬ್ಡಾಗಳಿಗೆ ಮಾತ್ರ ಸಲ್ಲುವ ಮಾತೆ, ಎಲ್ಲೆಲ್ಲಿಯೂ ಸಲ್ಲುವ ಮಾತೆ? ಪರೀಕ್ಷೆಗಾಗಿ ಬೇರೊಂದು ಜಾತಿಯನ್ನೇ ತೆಗೆದುಕೊಳ್ಳಬೇಕು. ಮೆಸಾನುಗಳಲ್ಲಿ ಕ್ವಾರ್ಕು ಒಂದು, ಪ್ರತಿಕ್ವಾರ್ಕು ಒಂದು. ಒಂದೇ ಘಟಕಗಳಿಂದಾದ ಮೆಸಾನು ಸ್ಪಿನ್ನಿನ ಭೇದದಿಂದ ಹಗುರವಾದದ್ದು, ಭಾರವಾದದ್ದು ಎಂದು ಎರಡು ರೂಪದಲ್ಲಿ ಕಾಣುವುದು. ಭಾರದ ರೂಪಕ್ಕೆ ಮೂರು ಪಾಲು, ಹಗುರ ರೂಪಕ್ಕೆ ಒಂದು ಪಾಲು ಕೊಟ್ಟು ಸರಾಸರಿ ಮಾಡಿದರೆ ಸ್ಪಿನ್ನಿನ ಕಾರ್ಯವು ಅಳಿಸಿಹೋಗುತ್ತದೆ. ಹೀಗೆ ಮಾಡಿದಾಗ ಚಾರ್ಮ್ ಉಳ್ಳ ಡಿ ಮೆಸಾನಿಗೆ 1973, ಬಾಟಮ್ ಉಳ್ಳ ಬಿ ಮೆಸಾನಿಗೆ 5313 ಬರುವುದು, ವ್ಯತ್ಯಾಸ 3340. ಎರಡು ಜಾತಿಗಳಿಗೆ ಘಟಕಗಳ ಸಂಖ್ಯೆಯೇ ಬೇರೆಯಾಗಿರುವಾಗಲೂ ಫಲಗಳು ಏಳು ಎಂಇವಿಗಳೊಳಗೆ ಕೂಡಿಕೊಂಡವು. ಇದನ್ನು ಕಾಕತಾಳೀಯವೆಂದು ತಳ್ಳಿಹಾಕುವುದು ಕಷ್ಟ.

ಎರಡನೆಯ ವ್ಯಾಪ್ತಿ ಸ್ಪಿನ್ನಿಗೆ ಸಂಬಂಧಿಸಿದುದು. ರಷ್ಯದ ಯಾಕೊವ್ ಜೆಲ್ಡೊವಿಚ್ ಮತ್ತು ಆಂಡ್ರೇ ಸಖಾರೊವ್ (ಶಾಂತಿಗಾಗಿ ನೊಬೆಲ್ ಬಹುಮಾನವನ್ನು ಪಡೆದ ಸಖಾರೊವರೇ ಇವರು) 1966ರಲ್ಲಿಯೂ, ಡಿ ರೂಹುಲ, ಜಾರ್ಜೈ, ಗ್ಲ್ಯಾಷೋ ಎಂಬ ಮೂವರು 1975ರಲ್ಲಿ ಇನ್ನೂ ಸ್ಪಷ್ಟವಾದ ಸಿದ್ಧಾಂತದ ಆಧಾರದ ಮೇಲೆಯೂ ಇದನ್ನು ಪ್ರತಿಪಾದಿಸಿದರು. ಎರಡು ಕ್ವಾರ್ಕುಗಳ ಸ್ಪಿನ್ನುಗಳು ಒಂದೇ ದಿಕ್ಕಿಗಿದ್ದರೆ ಕೂಟವು ಸ್ವಲ್ಪ ಭಾರವಾಗುತ್ತದೆ, ವಿರುದ್ಧವಾಗಿದ್ದರೆ ಹಗುರವಾಗುತ್ತದೆ. ಕ್ವಾರ್ಕುಗಳು ಭಾರವಾದಷ್ಟೂ ಈ ಭೇದವು ಕುಗ್ಗುತ್ತದೆ. ಮೆಸಾನುಗಳ ಎರಡು ರೂಪಗಳ ಅಂತರವನ್ನು ನೋಡಿದರೆ ಸ್ಟ್ರೇಂಜ್ ಇರುವಲ್ಲಿ 398, ಚಾರ್ಮ್ ಇರುವಲ್ಲಿ 141, ಬಾಟಮ್ ಇರುವಲ್ಲಿ 45. ಸಿಗ್ಮಾ ಎಂಬ ಬೇರಿಯಾನುಗಳ ಎರಡು ರೂಪಗಳ ಅಂತರವೂ ಹೀಗೆಯೇ ಇಳಿಯುತ್ತದೆ: ಸ್ಟ್ರೇಂಜ್ ಇರುವಲ್ಲಿ 192, ಚಾರ್ಮ್ ಇರುವಲ್ಲಿ 64 ಮತ್ತು ಅರ್ಧ. ಬಾಟಮ್ ಇರುವಲ್ಲಿ ಎಷ್ಟಾಗಬೇಕು? ಮೆಸಾನುಗಳಲ್ಲಿ 141 ಇದ್ದದ್ದು 45ಕ್ಕೆ ಇಳಿದ ಪ್ರಮಾಣದಲ್ಲಿಯೇ 64 ಮತ್ತು ಅರ್ಧವೂ ಇಳಿದರೆ ಇಪ್ಪತ್ತರ ಮೇಲೆ ಅರ್ಧ. ಅಳತೆಯಲ್ಲಿ ಬಂದುದು ಸುಮಾರು ಇಪ್ಪತ್ತು.

ಇಷ್ಟರಿಂದ ಬಾಟಮ್ ಉಳ್ಳ ಸಿಗ್ಮಾವನ್ನು ಕಟ್ಟಬಹುದು. ಲ್ಯಾಂಬ್ಡಾದಲ್ಲಿ ಹಗುರ ಜೋಡಿಯ ಸ್ಪಿನ್ನುಗಳು ವಿರುದ್ಧ; ಸಿಗ್ಮಾದಲ್ಲಿ ಅವು ಏಕಮುಖ. ಜೋಡಿಯು ಹೀಗೆ ತಿರುಗಿ ನಿಲ್ಲುವುದಕ್ಕೆ ತಗಲುವ ವೆಚ್ಚವು ಮೂರನೆಯ ಕ್ವಾರ್ಕು ಯಾವುದೆಂಬುದನ್ನು ಅವಲಂಬಿಸಬಾರದಷ್ಟೆ. ಭಾರದ ಸಿಗ್ಮಾಕ್ಕೆ ಎರಡು ಪಾಲು, ಹಗುರವಾದುದಕ್ಕೆ ಒಂದು ಪಾಲು ಕೊಟ್ಟು ಸರಾಸರಿ ಮಾಡಿ, ಲ್ಯಾಂಬ್ಡಾವನ್ನು ಕಳೆದರೆ ಸ್ಟ್ರೇಂಜ್ ಇರುವಲ್ಲಿ 205, ಚಾರ್ಮ್ ಇರುವಲ್ಲಿ 210. ಮೂರನೆಯ ಘಟಕದ ತೂಕವು ಸಾವಿರಕ್ಕೂ ಮಿಕ್ಕಿ ಏರಿದಾಗ ಈ ವೆಚ್ಚ ಐದೇ ಎಂಇವಿಗಳಷ್ಟು ಅಲುಗಾಡಿತು. ಬಾಟಮ್ ಇರುವಲ್ಲಿಯೂ 207ರ ಆಸುಪಾಸಿನಲ್ಲಿ ಇರಬೇಕೆಂದು ಹಿಡಿದು, ಅದರಿಂದ ಎರಡು ರೂಪಗಳ ಅಂತರದ ಮೂರರಲ್ಲಿ ಎರಡು ಪಾಲನ್ನು ಕಳೆದರೆ, ಹಗುರ ಸಿಗ್ಮಾ ಲ್ಯಾಂಬ್ಡಾಕ್ಕಿಂತ 193 ಅಥವಾ 194ರಷ್ಟು ಮೇಲಿರಬೇಕೆಂದು ಸಿದ್ಧಿಸುತ್ತದೆ. ಇಸ್ರೇಲಿನ ಮಾರೆಕ್ ಕಾರ್ಲಿನರ್ ಮತ್ತು ಹ್ಯಾರಿ ಲಿಪ್ಕಿನ್ ಎಂಬವರು ಮೆಸಾನುಗಳ ದಾರಿಯಿಂದ ಹೊರಟು ಕಣವು ಕಾಣುವುದಕ್ಕೆ ಮುಂಚೆಯೇ ಬರೆದಿಟ್ಟ ಸಂಖ್ಯೆ 194. ಷಿಕಾಗೋ ನಗರದ ಬಳಿಯ ಫರ್ಮಿ ಪ್ರಯೋಗಶಾಲೆಯ ಸಿ.ಡಿ.ಎಫ್. ಎಂಬ ಗುಂಪಿನವರು 2006ರಲ್ಲಿ ಅಳೆದು ಕಂಡದ್ದು 192.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಧೂಮದಿಂದ ಅಗ್ನಿಯನ್ನು ಊಹಿಸಬಹುದು. ಅಗ್ನಿಯಿಂದ ಧೂಮವನ್ನು ಊಹಿಸಲಾಗದು, ಏಕೆಂದರೆ ಹಸಿಯ ಸೌದೆ ಎಂಬ ಉಪಾಧಿ ನಡುವೆ ನಿಂತಿದೆ. ಈ ಲೆಕ್ಕಗಳಲ್ಲಿಯೂ ಉಪಾಧಿಗಳುಂಟು. ಕೂಟದೊಳಗಿರುವ ಹಗುರ ಕ್ವಾರ್ಕಿಗೆ ಈ ಪಂಥದವರು ಸುಮಾರು 360 ಎಂಇವಿ ತೂಕವನ್ನು ಆರೋಪಿಸುವರು. ಅದರ ಸ್ವಂತ ತೂಕವಾದರೋ ಬೆರಳೆಣಿಕೆಯ ಎಂಇವಿಗಳು ಮಾತ್ರ. ಮಿಕ್ಕದ್ದು ಅದನ್ನು ಸುತ್ತಿಕೊಂಡಿರುವ ಬಂಧಶಕ್ತಿಯ ಪಾಲು. ಮೇಲಾಗಿ ಮೆಸಾನಿನಲ್ಲಿ ಹೊಂದುವ ಆರೋಪಿತ ತೂಕವು ಬೇರಿಯಾನಿನಲ್ಲಿ ಹಾಗೆಯೇ ಹೊಂದುವುದಿಲ್ಲ, ಸ್ವಲ್ಪ ಬದಲಿಸಿಕೊಳ್ಳಬೇಕಾಗುತ್ತದೆ. ಆದುದರಿಂದ 194ರ ಜಯದಿಂದ ‘ಕ್ವಾರ್ಕು ನಿಜವಾಗಿ ಇಷ್ಟು ತೂಕದ್ದು’ ಎಂದು ಸಾಧಿಸಿದಂತಾಗಲಿಲ್ಲ. ವ್ಯತ್ಯಾಸಗಳನ್ನು ತೆಗೆದುಕೊಂಡಾಗ ಆರೋಪದ ದೋಷವು ಎರಡು ಕಡೆಯೂ ಸಮನಾಗಿ ಕಳೆದುಹೋಗುತ್ತದೆ. ಇದರ ಬಲವಿರುವುದು ಅಲ್ಲಿ. ಹೊಗಳುವವರು ಕೆಲವರು ಇದನ್ನು ಮರೆತು ಬರೆಯುತ್ತಾರೆ.

ಇಷ್ಟು ಸಿದ್ಧತೆಯಾದ ಮೇಲೆ ಮೊದಲನೆಯ ವಿವಾದಕ್ಕೆ ಬರಬಹುದು. ಎರಡು ಸ್ಟ್ರೇಂಜ್, ಒಂದು ಬಾಟಮ್ ಸೇರಿದ ಕಣಕ್ಕೆ ಒಮೆಗಾ-ಬಿ ಎಂದು ಹೆಸರು. ಬಾಟಮಿನ ಸ್ಥಾನದಲ್ಲಿ ಚಾರ್ಮ್ ಇರುವ ಒಮೆಗಾ-ಸಿ ಮೊದಲೇ ತಿಳಿದಿತ್ತು. ಅದರ ಎರಡು ರೂಪಗಳು 2695 ಮತ್ತು 2766, ಸರಾಸರಿ 2742. ಚಾರ್ಮನ್ನು ತೆಗೆದು ಬಾಟಮನ್ನು ಇಟ್ಟರೆ ಎಷ್ಟು ಏರಬೇಕು? ಸ್ಟ್ರೇಂಜ್ ಜೊತೆಗಿರುವ ಮೆಸಾನುಗಳಲ್ಲಿ ಆ ವ್ಯತ್ಯಾಸ 3327. ಕೂಡಿದರೆ 6069. ಎರಡು ರೂಪಗಳ ಅಂತರ ಚಾರ್ಮ್ ಇರುವಲ್ಲಿ 71. ಬಾಟಮ್ ಇರುವಲ್ಲಿ ಅದು ಸುಮಾರು ಮೂರನೆಯ ಒಂದು ಪಾಲಾಗಿ 24. ಇದರ ಮೂರರಲ್ಲಿ ಎರಡು ಪಾಲು 16ನ್ನು ಕಳೆದರೆ 6053. ಕಾರ್ಲಿನರ್, ಕೆರೆನ್-ಜುರ್, ಲಿಪ್ಕಿನ್, ಷಿಕಾಗೋ ವಿಶ್ವವಿದ್ಯಾನಿಲಯದ ಜೊನಾಥನ್ ರೋಸ್ನರ್, ಈ ನಾಲ್ವರು ಇನ್ನೂ ಸೂಕ್ಷ್ಮವಾದ ಗಣನೆಯಿಂದ 2008ರ ಏಪ್ರಿಲಿನಲ್ಲಿ ಪ್ರಕಟಿಸಿದ ಸಂಖ್ಯೆ 6052. ಐದಾರು ಎಂಇವಿಗಳ ಹೆಚ್ಚುಕಡಿಮೆಯನ್ನು ಮಾತ್ರ ಅವರು ಒಪ್ಪಿಕೊಂಡಿದ್ದರು.

ಅದೇ ವರ್ಷದ ಆಗಸ್ಟಿನಲ್ಲಿ ಫರ್ಮಿ ಪ್ರಯೋಗಶಾಲೆಯ ಡಿ-ಜೀರೋ ಎಂಬ ಗುಂಪಿನವರು ಒಮೆಗಾ-ಬಿಯನ್ನು ಕಂಡೆವೆಂದು ಸಾರಿದರು. ಅವರು ಕೊಟ್ಟ ದ್ರವ್ಯರಾಶಿ 6165. ಅನುಮಾನಕ್ಕೂ ಇದಕ್ಕೂ ನೂರಕ್ಕೆ ಮೀರಿದ ಅಂತರ. ನಾಲ್ಕು ತಿಂಗಳ ಹಿಂದೆ ಐದಾರರ ತಪ್ಪನ್ನು ಮಾತ್ರ ಒಪ್ಪಿಕೊಂಡಿದ್ದವರಿಗೆ ಇದು ಸಣ್ಣ ಪೆಟ್ಟಲ್ಲ. ಲೋಕನ್ಯಾಯದಂತೆ ಪ್ರತ್ಯಕ್ಷವು ಜ್ಯೇಷ್ಠಪ್ರಮಾಣ. ಅಗ್ನಿಯು ದ್ರವ್ಯವಾದುದರಿಂದ ಜಲದಂತೆ ಶೀತಲವೆಂದು ಯಾರಾದರೂ ಅನುಮಾನಿಸಿದರೆ ಮುಟ್ಟಿ ನೋಡು ಎನ್ನುವುದೇ ಉತ್ತರ. ಅಂತಹ ಹೇತುವಿಗೆ ಬಾಧಿತವೆಂದು ಹೆಸರು. ಅನುಮಾನದವರು ಇಲ್ಲಿಯೂ ಸೋತರೆಂದು ತಿಳಿದವರು ಇದ್ದಿರಬಹುದು.

ಆದರೆ ಈ ‘ಕಾಣುವುದು’ ಎಂದರೇನೆಂಬುದನ್ನು ವಿಚಾರಿಸಬೇಕು. ಒಮೆಗಾ-ಬಿಯ ಬಾಳು ಸೆಕೆಂಡಿನ ಲಕ್ಷಕೋಟಿ ಭಾಗಗಳಲ್ಲಿ ಒಂದೆರಡು ಭಾಗ ಮಾತ್ರ. ಅದು ಒಡೆದು ಜೆ-ಸೈ ಎಂಬ ಮೆಸಾನೂ 1964ರಲ್ಲಿ ದೊರೆತ ಹಳೆಯ ಒಮೆಗಾವೂ ಆಗುವುವು. ಮೆಸಾನು ಎರಡು ಮ್ಯೂಆನುಗಳಾಗಿ ಹರಿಯುತ್ತದೆ. ಒಮೆಗಾವು ಲ್ಯಾಂಬ್ಡಾ ಮತ್ತು ಕೆಯಾನ್ ಆಗುತ್ತದೆ. ಆ ಲ್ಯಾಂಬ್ಡಾ ಮತ್ತೆ ಪ್ರೋಟಾನೂ ಪಯಾನೂ ಆಗುತ್ತದೆ. ಶೋಧಕಯಂತ್ರಕ್ಕೆ ಸಿಕ್ಕುವುದು ಕಡೆಯ ಈ ಐದು ಕಣಗಳ ಜಾಡುಗಳು ಮಾತ್ರ. ಅವುಗಳ ವೇಗ, ದಿಕ್ಕು, ಶಕ್ತಿಗಳಿಂದ ಹಿಂದಕ್ಕೆ ಹೋಗುತ್ತ ಮಗನಿಂದ ತಂದೆಯನ್ನೂ ತಂದೆಯಿಂದ ಅಜ್ಜನನ್ನೂ ಗೊತ್ತುಮಾಡಿ ಕೊನೆಗೆ ಮೂಲಕಣದ ದ್ರವ್ಯರಾಶಿಯನ್ನು ಹೇಳುವರು. ಅಂದರೆ ಪ್ರಯೋಗಶಾಲೆಯವರು ನೋಡಿದುದೂ ಧೂಮವನ್ನೇ. ಪ್ರತ್ಯಕ್ಷವೆಂದು ಕರೆದದ್ದು ನಾಲ್ಕು ಮೆಟ್ಟಿಲಿನ ಅನುಮಾನ. ಅದರ ಮೇಲೆ, ಡಿ-ಜೀರೋ ಗುಂಪಿಗೆ ದೊರೆತ ಘಟನೆಗಳು ಸುಮಾರು 18 ಮಾತ್ರ. ಆದುದರಿಂದ ಇಲ್ಲಿದ್ದುದು ಬಾಧಿತವೆಂಬ ದೋಷವಲ್ಲ. ಒಂದು ಹೇತುವಿಗೆ ಇನ್ನೊಂದು ಹೇತು ಎದುರು ನಿಂತ ಸತ್ಪ್ರತಿಪಕ್ಷ. ಸತ್ಪ್ರತಿಪಕ್ಷದಲ್ಲಿ ಎರಡು ಕಡೆಯವರೂ ಮೌನವಾಗಿ ಇನ್ನಷ್ಟು ಸಾಕ್ಷ್ಯವನ್ನು ಕಾಯಬೇಕಾದದ್ದು ಶಾಸ್ತ್ರಮರ್ಯಾದೆ.

ಸಾಕ್ಷ್ಯವು ಬಹಳ ದೂರದಿಂದ ಬರಬೇಕಾಗಲಿಲ್ಲ. ಅದೇ ಪ್ರಯೋಗಶಾಲೆಯಲ್ಲಿ, ಅದೇ ವೇಗವರ್ಧಕದ ಉಂಗುರದ ಮೇಲೆ ಬೇರೆ ಕಡೆ ಕುಳಿತಿದ್ದ ಸಿ.ಡಿ.ಎಫ್. ಗುಂಪಿನವರು 2009ರಲ್ಲಿ ಆ ಕಣವನ್ನು ತಾವೂ ಕಂಡು 6054 ಎಂದರು. ಒಂದೇ ಮನೆಯ ಎರಡು ಕೋಣೆಗಳಿಂದ ಹೊರಟ ಎರಡು ಸಂಖ್ಯೆಗಳಿಗೆ 111ರ ಅಂತರ. ಎರಡು ಕಡೆಯವರು ಒಪ್ಪಿಕೊಂಡ ದೋಷಸಂಭವಗಳನ್ನು ಸೇರಿಸಿಕೊಂಡು ಎಣಿಸಿದರೂ ಅದರ ಆರು ಪಟ್ಟು. ಎರಡೂ ಸರಿಯಾಗಿರುವುದು ಅಸಾಧ್ಯ. ನಾಲ್ಕು ವರ್ಷಗಳ ಮೇಲೆ, 2013ರಲ್ಲಿ, ಜಿನೀವಾದ ಸರ್ನ್ ಪ್ರಯೋಗಶಾಲೆಯ ಎಲ್.ಎಚ್.ಸಿ.ಬಿ. ಗುಂಪಿನವರು 6046 ಎಂದು ಅಳೆದು ವಿವಾದವನ್ನು ಮುಗಿಸಿದರು. ಅನುಮಾನವು ತಾನು ಒಪ್ಪಿಕೊಂಡಿದ್ದ ಮಿತಿಯನ್ನು ಕೂದಲೆಳೆಯಷ್ಟು ಮಾತ್ರ ದಾಟಿತ್ತು.

ಎರಡನೆಯ ವಿವಾದ ಕಾಲದಲ್ಲಿ ಇದಕ್ಕಿಂತ ಮೊದಲೇ ಹುಟ್ಟಿ ಇದರ ನಂತರ ತೀರಿತು. ಒಂದೇ ಬೇರಿಯಾನಿನಲ್ಲಿ ಎರಡು ಚಾರ್ಮ್ ಕ್ವಾರ್ಕುಗಳಿದ್ದರೆ ಅದಕ್ಕೆ ಕ್ಸೈ-ಸಿಸಿ ಎಂದು ಹೆಸರು. ಜೊತೆಗಿರುವ ಹಗುರ ಕ್ವಾರ್ಕು ಅಪ್ ಆದರೆ ವಿದ್ಯುದಂಶ ಎರಡು, ಡೌನ್ ಆದರೆ ಒಂದು. 2002ರಲ್ಲಿ ಫರ್ಮಿ ಪ್ರಯೋಗಶಾಲೆಯ ಸೆಲೆಕ್ಸ್ ಎಂಬ ಗುಂಪಿನವರು ಡೌನ್ ಇರುವ ಕಣವು ಕಂಡಿತೆಂದೂ ಅದರ ದ್ರವ್ಯರಾಶಿ 3519 ಎಂದೂ ಪ್ರಕಟಿಸಿದರು. ಕ್ಯಾಲಿಫೋರ್ನಿಯದ ಬಾಬರ್, ಜಪಾನಿನ ಬೆಲ್ ಎಂಬ ಗುಂಪುಗಳವರು ಹುಡುಕಿದರು, ಅವರಿಗೆ ಕಾಣಲಿಲ್ಲ. ಕಾಣದಿರುವುದು ಇಲ್ಲದಿರುವುದಕ್ಕೆ ಪ್ರಮಾಣವಾಗಬೇಕಾದರೆ ಇದ್ದಿದ್ದರೆ ಕಾಣಲೇಬೇಕಾಗಿತ್ತೆಂಬ ಯೋಗ್ಯತೆ ಸಿದ್ಧವಾಗಬೇಕು. ಕಣಗಳನ್ನು ಹುಟ್ಟಿಸುವ ರೀತಿಯೇ ಅವರಲ್ಲಿ ಬೇರೆಯಾದ್ದರಿಂದ ಆ ಯೋಗ್ಯತೆ ಸಿದ್ಧವಾಗಲಿಲ್ಲ, ವಿಷಯವು ಹನ್ನೆರಡು ವರ್ಷಗಳಿಗಿಂತ ಹೆಚ್ಚು ಕಾಲ ತೂಗುತ್ತ ಉಳಿಯಿತು.

2014ರಲ್ಲಿ ಕಾರ್ಲಿನರ್ ಮತ್ತು ರೋಸ್ನರ್ ಇದರ ಗಣನೆಯನ್ನು ಕೈಗೆತ್ತಿಕೊಂಡರು. ಇಲ್ಲಿ ಹೊಸ ತೊಡಕೊಂದಿತ್ತು. ಎರಡು ಭಾರದ ಕ್ವಾರ್ಕುಗಳು ಒಂದೆಡೆ ಸೇರಿದರೆ ಅವು ಬಹಳ ಸಮೀಪಕ್ಕೆ ಬಂದು ಗಾಢವಾಗಿ ಬಂಧಿಸಲ್ಪಡುತ್ತವೆ. ಒಂದೇ ಗುರುವಿದ್ದ ಹಿಂದಿನ ಲೆಕ್ಕಗಳಲ್ಲಿ ಇದಕ್ಕೆ ದೃಷ್ಟಾಂತವಿಲ್ಲ. ಅವರು ದೃಷ್ಟಾಂತವನ್ನು ಜೆ-ಸೈ ಕುಟುಂಬದ ಮೆಸಾನುಗಳಲ್ಲಿ ಕಂಡುಕೊಂಡರು. ಅಲ್ಲಿ ಚಾರ್ಮ್ ಕ್ವಾರ್ಕಿಗೂ ಅದರ ಪ್ರತಿಕ್ವಾರ್ಕಿಗೂ ನಡುವಣ ಬಂಧವು 258. ಎರಡು ಕ್ವಾರ್ಕುಗಳ ನಡುವಣ ಆಕರ್ಷಣವು ಕ್ವಾರ್ಕು-ಪ್ರತಿಕ್ವಾರ್ಕುಗಳ ನಡುವಣದರ ಅರ್ಧವೆಂಬುದು ಸಿದ್ಧಾಂತದ ಮಾತು. ಆದುದರಿಂದ ಬಂಧವೂ ಅರ್ಧವಾಗಿ 129 ಎಂದು ಅವರು ಇಟ್ಟುಕೊಂಡರು. ಈ ಅರ್ಧೀಕರಣವೇ ಇಡೀ ಲೆಕ್ಕದಲ್ಲಿ ಅತ್ಯಂತ ಸಾಹಸದ ಹೆಜ್ಜೆ. ಆಕರ್ಷಣವು ಅರ್ಧವಾದರೆ ಬಂಧವೂ ಅರ್ಧವಾಗಲೇಬೇಕೆಂಬ ನಿಯಮ ಸಾರ್ವತ್ರಿಕವಲ್ಲ. ಉಳಿದುದು ಕೂಡಿ ಕಳೆಯುವ ಕೆಲಸ. ಮೂರು ಕ್ವಾರ್ಕುಗಳ ಆರೋಪಿತ ತೂಕ 3784; ಬಂಧಕ್ಕಾಗಿ 129 ಕಳೆಯಬೇಕು; ಎರಡು ಚಾರ್ಮುಗಳ ಸ್ಪಿನ್ನುಗಳು ಏಕಮುಖವಾಗಿರುವುದಕ್ಕೆ 14 ಕೂಡಬೇಕು; ಹಗುರ ಕ್ವಾರ್ಕಿನೊಡನೆ ಅವುಗಳ ಸ್ಪಿನ್ ಸಂಬಂಧಕ್ಕೆ 42 ಕಳೆಯಬೇಕು. ಬಂದುದು 3627, ಹನ್ನೆರಡರ ಹೆಚ್ಚುಕಡಿಮೆ.

ಸೆಲೆಕ್ಸಿನ ಸಂಖ್ಯೆಗಿಂತ ಇದು 108 ಹೆಚ್ಚು. ಮತ್ತೆ ನೂರರ ಅಂತರ, ಮತ್ತೆ ಕಂಡವರ ಮಾತಿಗೆ ಎದುರಾದ ಕಾಣದವರ ಮಾತು. 2017ರ ಜುಲೈ ತಿಂಗಳಲ್ಲಿ ಎಲ್.ಎಚ್.ಸಿ.ಬಿ. ಗುಂಪಿನವರು ಅಪ್ ಇರುವ ಕ್ಸೈ-ಸಿಸಿಯನ್ನು ನೂರಾರು ಘಟನೆಗಳಲ್ಲಿ ಕಂಡುದಾಗಿ ಪ್ರಕಟಿಸಿದರು. ದ್ರವ್ಯರಾಶಿ 3621. ಇದು ಅಪ್ ಉಳ್ಳದ್ದು, ಸೆಲೆಕ್ಸಿನದು ಡೌನ್ ಉಳ್ಳದ್ದು. ಎರಡೂ ಬೇರೆ ಕಣಗಳಾದ್ದರಿಂದ ಎರಡೂ ನಿಜವಾಗಿರಬಾರದೇಕೆ ಎಂದು ಕೇಳಬಹುದು. ಅಪ್ ಬದಲು ಡೌನ್ ಬಂದ ಮಾತ್ರಕ್ಕೆ ಆಗುವ ವ್ಯತ್ಯಾಸ ಎಷ್ಟೆಂಬುದಕ್ಕೆ ಪ್ರೋಟಾನು ನ್ಯೂಟ್ರಾನುಗಳೇ ದೃಷ್ಟಾಂತ: ಅವುಗಳ ನಡುವೆ ಇರುವುದು ಒಂದೂಕಾಲು ಎಂಇವಿಗಿಂತ ಸ್ವಲ್ಪ ಹೆಚ್ಚು. ಇತರ ಬೇರಿಯಾನುಗಳಲ್ಲಿಯೂ ಅದು ಕೆಲವೇ ಎಂಇವಿಗಳನ್ನು ದಾಟುವುದಿಲ್ಲ. ಒಡಹುಟ್ಟಿದ ಜೋಡಿಗೆ ನೂರರ ಅಂತರವನ್ನು ಒಪ್ಪಬೇಕಾದರೆ ಬೇರಿಯಾನುಗಳ ಶಾಸ್ತ್ರವನ್ನೆಲ್ಲ ಹೊಸದಾಗಿ ಬರೆಯಬೇಕಾಗುತ್ತದೆ. ಎಲ್.ಎಚ್.ಸಿ.ಬಿ.ಯವರು ಆಮೇಲೆ 3519ರ ಸ್ಥಾನದಲ್ಲಿಯೂ ಹುಡುಕಿದರು. ಅಲ್ಲಿ ಏನೂ ಇರಲಿಲ್ಲ. ಸೆಲೆಕ್ಸಿನವರು ಕಂಡದ್ದು ಶುಕ್ತಿಯಲ್ಲಿ ರಜತವೆ ಅಥವಾ ಬೇರೆ ಯಾವುದಾದರೂ ವಸ್ತುವೆ ಎಂಬುದಕ್ಕೆ ವಿವರಣೆ ಬರಲಿಲ್ಲ. ಅಂದ ಮಾತ್ರಕ್ಕೆ ಅವರ ಶ್ರದ್ಧೆಯನ್ನು ಹಗುರವಾಗಿ ಕಾಣುವುದು ಯುಕ್ತವಲ್ಲ. ಅವರ ಪ್ರಕಟಣೆಯೇ ಹದಿನೈದು ವರ್ಷ ಉಳಿದವರನ್ನು ಆ ಹುಡುಕಾಟದಲ್ಲಿ ತೊಡಗಿಸಿತು.

ಮೂಲಸಮೀಕರಣಗಳಿಂದಲೇ ಹೊರಡುವ ಇನ್ನೊಂದು ಪಂಥವೂ ಉಂಟು. ದೇಶಕಾಲಗಳನ್ನು ಬಲೆಯ ಕಣ್ಣುಗಳಂತೆ ತುಂಡುಮಾಡಿ, ಮಹಾಗಣಕಯಂತ್ರಗಳಿಂದ ಸಮೀಕರಣಗಳನ್ನು ಬಿಡಿಸುವ ಈ ಕ್ರಮಕ್ಕೆ 1974ರಲ್ಲಿ ಕೆನೆತ್ ವಿಲ್ಸನ್ ತಳಹದಿ ಹಾಕಿದರು. ಇದರಲ್ಲಿ ಆರೋಪಿತ ತೂಕಗಳಿಲ್ಲ, ಅರ್ಧೀಕರಣವಿಲ್ಲ. ಕ್ಸೈ-ಸಿಸಿ 3600ರ ಮೇಲಿರಬೇಕೆಂದು ಈ ಪಂಥದ ಹಲವರೂ 2017ಕ್ಕೆ ಮುಂಚೆ ಹೇಳಿದ್ದರು. ಚಾರ್ಮ್, ಬಾಟಮ್ ಎರಡೂ ಇರುವ ಕಣಗಳ ದ್ರವ್ಯರಾಶಿಯನ್ನು ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯ ನೀಲ್ಮಣಿ ಮಾಥುರ್ ಮತ್ತು ಅವರ ಸಹೋದ್ಯೋಗಿಗಳು 2018ರಲ್ಲಿ ಈ ದಾರಿಯಿಂದಲೇ ಗಣಿಸಿರುವರು. ಎರಡು ಪಂಥಗಳೂ ಒಂದೇ ಕಡೆಗೆ ಬಂದು ಸೇರುವುದರಿಂದ ವ್ಯತ್ಯಾಸಗಳ ಪಂಥಕ್ಕೆ ಬೆಂಬಲ ಹೆಚ್ಚುತ್ತದೆ; ಯಂತ್ರವು ಸಂಖ್ಯೆಯನ್ನು ಕೊಟ್ಟರೂ ಏಕೆ ಹಾಗಾಯಿತೆಂಬುದನ್ನು ಬಾಯಿಬಿಟ್ಟು ಹೇಳದಿರುವುದರಿಂದ, ಕೈಲೆಕ್ಕದ ಪಂಥದ ಪ್ರಯೋಜನವೂ ಉಳಿದಿದೆ.

ಎಲ್ಲ ಕಡೆಯೂ ಇಂತಹ ಜಯವನ್ನು ನಿರೀಕ್ಷಿಸುವಂತಿಲ್ಲ. ಇಲ್ಲಿಯವರೆಗೆ ಹೇಳಿದವೆಲ್ಲ ಕ್ವಾರ್ಕುಗಳು ತಮ್ಮ ಕೆಳಗಿನ ನೆಲೆಯಲ್ಲಿ ನೆಮ್ಮದಿಯಾಗಿರುವ ಕಣಗಳು. ಅವು ಒಂದನ್ನೊಂದು ಸುತ್ತುತ್ತ ಮೇಲಿನ ನೆಲೆಗೆ ಏರಿದಾಗ ಸರಳವಾದ ವ್ಯಾಪ್ತಿಗಳು ಕೈಕೊಡುವುವು. 2017ರಲ್ಲಿಯೇ ಎಲ್.ಎಚ್.ಸಿ.ಬಿ.ಯವರು ಒಮೆಗಾ-ಸಿಯ ಐದು ಉನ್ನತ ರೂಪಗಳನ್ನು ಒಮ್ಮೆಗೇ ಕಂಡರು: 3000, 3050, 3066, 3090, 3119. ಐದು ರೂಪಗಳಿರಬೇಕೆಂಬ ಎಣಿಕೆ ಸಿದ್ಧಾಂತದಲ್ಲಿತ್ತು. ಯಾವ ಸಂಖ್ಯೆ ಯಾವ ರೂಪಕ್ಕೆ ಸೇರಿದುದೆಂಬುದರಲ್ಲಿ ಮಾತ್ರ ಸಿದ್ಧಾಂತಿಗಳು ಒಂದೇ ಮಾತಿಗೆ ಬರಲಿಲ್ಲ. ಅವರಲ್ಲಿ 6052ನ್ನೂ 3627ನ್ನೂ ಹೇಳಿದವರೂ ಇದ್ದರು.

ಅದೇ 2014ರ ಲೇಖನದಲ್ಲಿ ಕಾರ್ಲಿನರ್ ಮತ್ತು ರೋಸ್ನರ್ 3627ರ ಜೊತೆಗೆ ಇನ್ನೆರಡು ಸಂಖ್ಯೆಗಳನ್ನೂ ಬರೆದಿಟ್ಟಿದ್ದಾರೆ. ಒಂದು ಚಾರ್ಮ್, ಒಂದು ಬಾಟಮ್, ಒಂದು ಹಗುರ ಕ್ವಾರ್ಕು ಸೇರಿದ ಬೇರಿಯಾನಿಗೆ 6914. ಎರಡು ಬಾಟಮ್, ಒಂದು ಹಗುರ ಕ್ವಾರ್ಕು ಸೇರಿದುದಕ್ಕೆ 10162. ಮೊದಲನೆಯದಕ್ಕೆ ಹದಿಮೂರರ, ಎರಡನೆಯದಕ್ಕೆ ಹನ್ನೆರಡರ ಹೆಚ್ಚುಕಡಿಮೆಯನ್ನು ಅವರು ಒಪ್ಪಿಕೊಂಡಿರುವರು. ಆ ಅರ್ಧೀಕರಣದ ಹೆಜ್ಜೆಯು ಈ ಎರಡು ಲೆಕ್ಕಗಳಲ್ಲಿಯೂ ಇದೆ.